ಹದಿನೈದು ದಿನಗಳ ನಂತರ: ಬಡ ರೋಗಿಯ ತಜ್ಞ ಚಿಕಿತ್ಸೆ ಮತ್ತು ಬಿಲ್ಲಿಗೆ ಬಾರದ ಖರ್ಚು

ಬೆಂಗಳೂರಿನಲ್ಲಿ ಬ್ಯಾಟರಾಯನಪುರ ಎಂಬ ಹೆಸರಿನ ಊರು ಎರಡಿವೆ. ಒಂದು ಮೈಸೂರು ರಸ್ತೆಯಲ್ಲಿದೆ, ಇನ್ನೊಂದು ಬಳ್ಳಾರಿ ರಸ್ತೆಯಲ್ಲಿದೆ. ಈ ಲೇಖನ ಬಳ್ಳಾರಿ ರಸ್ತೆಯ ಬ್ಯಾಟರಾಯನಪುರವನ್ನು ಕುರಿತದ್ದು. 2007ರವರೆಗೆ ಇದು ಪ್ರತ್ಯೇಕ ನಗರಸಭೆಯಾಗಿತ್ತು. ಆ ವರ್ಷ ಯಲಹಂಕ, ದಾಸರಹಳ್ಳಿ ಮೊದಲಾದ ನಗರಸಭೆಗಳೊಡನೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಮರುವರ್ಷ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಅಲ್ಲಿಂದೀಚೆಗೆ ಹೆಬ್ಬಾಳದಿಂದ ಯಲಹಂಕದವರೆಗಿನ ರಸ್ತೆಯ ಎರಡೂ ಬದಿ ಬದಲಾದ ಬಗೆಯನ್ನು ಇಲ್ಲಿನ ಹಳಬರು ಇನ್ನೂ ಬೆರಗಿನಿಂದಲೇ ಹೇಳುತ್ತಾರೆ. ರಾಗಿ ಹೊಲ, ದ್ರಾಕ್ಷಿ ತೋಟಗಳಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು, ಅವುಗಳೊಂದಿಗೆ ಆಸ್ಪತ್ರೆಗಳೂ ಬಂದವು.

ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ ಇವೆಲ್ಲಕ್ಕೂ ಹಿರಿಯದು, 1973ರದು, ಮಿಷನ್ ಪರಂಪರೆಯದು. ಮುಂದೆ ಕೊಲಂಬಿಯಾ ಏಷ್ಯಾ ಬಂತು, ಈಗ ಅದು ಮಣಿಪಾಲ್ ಸಮೂಹದ ಪಾಲಾಗಿದೆ. ಸಹಕಾರನಗರದ ಬದಿಗೆ ಆಸ್ಟರ್ ಸಿಎಂಐ ಎದ್ದಿತು. ಹೃದಯ, ಮೂತ್ರಪಿಂಡ, ಮಿದುಳು, ಕ್ಯಾನ್ಸರ್ ಹೀಗೆ ಯಾವ ತಜ್ಞ ವೈದ್ಯರು ಬೇಕೆಂದರೂ ಬ್ಯಾಟರಾಯನಪುರದ ನಿವಾಸಿಗೆ ಕೆಲವೇ ಕಿಲೋಮೀಟರಿನೊಳಗೆ ಸಿಗುತ್ತಾರೆ. ಆದರೆ ಸರ್ಕಾರ ನಡೆಸುವ ತಜ್ಞ ಆಸ್ಪತ್ರೆಗಳು ಹೆಚ್ಚಾಗಿ ನಗರದ ಇನ್ನೊಂದು ತುದಿಯಲ್ಲಿವೆ. ಕಿದ್ವಾಯಿ, ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಸಂಜಯ ಗಾಂಧಿ ಅಪಘಾತ ಚಿಕಿತ್ಸಾ ಸಂಸ್ಥೆ, ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇವೆಲ್ಲ ಡೇರಿ ಸರ್ಕಲ್ ಸುತ್ತಮುತ್ತ ಒತ್ತಾಗಿ ಸೇರಿಕೊಂಡಿವೆ. ಜಯದೇವ ಹೃದ್ರೋಗ ಸಂಸ್ಥೆ ಅವಕ್ಕೂ ಆಚೆ, ಬನ್ನೇರುಘಟ್ಟ ರಸ್ತೆಯಲ್ಲಿದೆ. ನಗರದ ದಕ್ಷಿಣಕ್ಕೆ ಸರ್ಕಾರಿ ತಜ್ಞ ಚಿಕಿತ್ಸೆ, ಉತ್ತರಕ್ಕೆ ಖಾಸಗಿ ತಜ್ಞ ಚಿಕಿತ್ಸೆ ಎಂಬ ಈ ಹಂಚಿಕೆಯನ್ನು ಯಾರೂ ಕೂತು ಯೋಜಿಸಿದ್ದಲ್ಲ. ಹಾಗಿದ್ದರೂ ಬಡ ರೋಗಿಯ ಮಟ್ಟಿಗೆ ಅದರ ಫಲ ಯೋಜಿಸಿದಷ್ಟೇ ಗಟ್ಟಿಯಾಗಿದೆ.

ಈ ಭಾಗದ ಕಟ್ಟಡಗಳನ್ನು ಕಟ್ಟಿದವರು, ಕಟ್ಟಿದ ಮೇಲೆ ಅವುಗಳಲ್ಲಿ ಕಸ ಗುಡಿಸಿ ಪಾತ್ರೆ ತೊಳೆಯುವವರು, ಗೇಟಿನಲ್ಲಿ ಕಾವಲಿರುವವರು ಬಹುಪಾಲು ಹೊರಗಿನಿಂದ ಬಂದವರು. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರಿದ್ದಾರೆ, ರಾಯಲಸೀಮೆಯವರಿದ್ದಾರೆ, ಈಚೆಗೆ ಬಿಹಾರ ಮತ್ತು ಬಂಗಾಳದವರೂ ಇದ್ದಾರೆ. ಇವರು ದೊಡ್ಡ ಆಸ್ಪತ್ರೆಯ ಬಾಗಿಲಿಗೆ ಬಂದಾಗ ಕಾಯಿಲೆ ವಾಸಿಯಾದೀತೇ ಎಂದು ಕೇಳುವುದು ಆಮೇಲೆ. ಮೊದಲು ಕೇಳುವುದು ಸರ್ಕಾರಿ ಆರೋಗ್ಯ ಯೋಜನೆಯ ಕಾರ್ಡಿನ ಬಗ್ಗೆ, ‘ಇಲ್ಲಿ ಕಾರ್ಡು ನಡೆಯುತ್ತಾ?’ ಎಂದು. ಆ ಪ್ರಶ್ನೆಗೆ ‘ನಡೆಯುತ್ತದೆ’ ಎಂಬ ಉತ್ತರ ಬರುವಂತೆ ಮಾಡಲು ಕರ್ನಾಟಕ ಎರಡು ದಶಕಗಳಿಗೂ ಹೆಚ್ಚು ಕಾಲ ದುಡಿದಿದೆ. ಆ ದುಡಿಮೆ ಎಷ್ಟು ದೊಡ್ಡದು, ಅದು ಎಲ್ಲಿ ನಿಂತುಹೋಯಿತು ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಯೋಜನೆಗಳು ಶಸ್ತ್ರಚಿಕಿತ್ಸೆಯ ಬೆಲೆಯನ್ನು ಚಿಕಿತ್ಸೆಯ ಬೆಲೆಯೆಂದು ಎಣಿಸಿವೆ. ಇವೆರಡೂ ಒಂದೇ ಅಲ್ಲ. ಇವುಗಳ ನಡುವಿನ ಅಂತರವನ್ನು ರೋಗಿಯ ಕುಟುಂಬ ತನ್ನ ಕೂಲಿಯಿಂದ ತುಂಬುತ್ತದೆ, ಕೂಲಿ ಸಾಲದಾದಾಗ ಕೈಸಾಲದಿಂದ ತುಂಬುತ್ತದೆ.

ಐದು ರೂಪಾಯಿಯ ಲೆಕ್ಕ

2002ರ ನವೆಂಬರ್‌ನಲ್ಲಿ ಘೋಷಣೆಯಾಗಿ 2003ರ ಜೂನ್ 1ರಿಂದ ಜಾರಿಗೆ ಬಂದ ಯಶಸ್ವಿನಿ ಯೋಜನೆಯ ಹಿಂದಿದ್ದ ತರ್ಕ ಸರಳವಾದದ್ದು. ರಾಜ್ಯದ ಅನೇಕ ಖಾಸಗಿ ಆಸ್ಪತ್ರೆಗಳ ಹಾಸಿಗೆಗಳೂ ಶಸ್ತ್ರಚಿಕಿತ್ಸಾ ಕೊಠಡಿಗಳೂ ಪೂರ್ತಿ ಬಳಕೆಯಾಗುತ್ತಿರಲಿಲ್ಲ. ರೈತರು ಸಹಕಾರ ಸಂಘಗಳಲ್ಲಿ ಆಗಲೇ ಸಂಘಟಿತರಾಗಿದ್ದರು. ಲಕ್ಷಾಂತರ ಜನ ತಿಂಗಳಿಗೆ ತಲಾ ಐದು ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕೊಟ್ಟರೆ, ಅವರಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುವ ಕೆಲವರ ಖರ್ಚು ಆ ಹಣದಲ್ಲೇ ಬಹುಮಟ್ಟಿಗೆ ತೂಗುತ್ತದೆ. ಹೃದಯತಜ್ಞ ಡಾ. ದೇವಿ ಶೆಟ್ಟಿಯವರ ಈ ಕಲ್ಪನೆಗೆ ರಾಜ್ಯ ಸರ್ಕಾರದ ಸಹಕಾರ ಇಲಾಖೆ ಒಡಲು ಕೊಟ್ಟಿತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಒಂದು ಶಸ್ತ್ರಚಿಕಿತ್ಸೆಗೆ ಒಂದು ಲಕ್ಷ, ವರ್ಷಕ್ಕೆ ಎರಡು ಲಕ್ಷ ರೂಪಾಯಿಯ ಮಿತಿ ಇತ್ತು.

ಯಶಸ್ವಿನಿಯ ಹಿರಿಮೆಯನ್ನು ಕಡಿಮೆ ಮಾಡುವ ಮನಸ್ಸು ನನಗಿಲ್ಲ. ರೈತನನ್ನು ಅದು ದಾನ ಪಡೆಯುವವನಂತೆ ಕಾಣಲಿಲ್ಲ, ತನ್ನ ಪಾಲು ಕಟ್ಟಿದ ಸದಸ್ಯನಂತೆ ಆಸ್ಪತ್ರೆಯೊಳಗೆ ಕರೆತಂದಿತು. ಆರಾಧನಾ ಅಗರ್‌ವಾಲ್ ಅವರು 2010ರಲ್ಲಿ ಪ್ರಕಟಿಸಿದ ಮೌಲ್ಯಮಾಪನ, ಯೋಜನೆಯಿಂದ ಆರೋಗ್ಯ ಸೇವೆಯ ಬಳಕೆ ಹೆಚ್ಚಿತು, ಕೈಯಿಂದ ಹಾಕುವ ಹಣ ಇಳಿಯಿತು ಎಂದು ತೋರಿಸಿತು. ಈ ಲಾಭ ಎಲ್ಲ ವರ್ಗಗಳಿಗೂ ಒಂದೇ ಸಮನಾಗಿ ಸಿಗಲಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿದೆ. ಆದರೆ ಯೋಜನೆಯ ಎರಡು ಆಯ್ಕೆಗಳು ಮುಂದಿನ ಎಲ್ಲ ಯೋಜನೆಗಳ ಮೇಲೂ ನೆರಳು ಚಾಚಿದವು. ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ ಹಣ ಕೊಡುತ್ತಿತ್ತು, ಜ್ವರಕ್ಕೋ ಸಕ್ಕರೆ ಕಾಯಿಲೆಗೋ ಅಲ್ಲ. ಸಹಕಾರ ಸಂಘದ ಸದಸ್ಯತ್ವವೇ ಅದಕ್ಕೆ ಪ್ರವೇಶದ್ವಾರವಾಗಿತ್ತು. ಮೊದಲನೆಯ ಆಯ್ಕೆಗೆ ಕಾರಣವಿತ್ತು. ಶಸ್ತ್ರಚಿಕಿತ್ಸೆಗೆ ಒಂದು ಆರಂಭ, ಒಂದು ಕೊನೆ ಇರುತ್ತದೆ, ಅದಕ್ಕೆ ಬೆಲೆ ಕಟ್ಟುವುದೂ ಮೋಸ ಹಿಡಿಯುವುದೂ ಸುಲಭ. ಎರಡನೆಯದು ಹಳ್ಳಿಗೆ ಹೊಂದುತ್ತಿತ್ತು. ಬ್ಯಾಟರಾಯನಪುರದಂಥ ಜಾಗದಲ್ಲಿ, ಹಾಲು ಹಾಕುತ್ತಿದ್ದ ಹಳ್ಳಿ ವಾರ್ಡಾಗಿ ಬದಲಾದ ಕಡೆ, ಆ ಬಾಗಿಲು ಯಾರಿಗೆ ತೆರೆದೀತು? ಊರು ಬಿಟ್ಟು ಬಂದ ಕೂಲಿಯವನಿಗೆ ಇಲ್ಲಿ ಯಾವ ಸಂಘದ ಪಾಸ್‌ಬುಕ್ಕೂ ಇರಲಿಲ್ಲ.

2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕ ಎಂಬ ರಾಜ್ಯದ ಹೊಸ ಯೋಜನೆಯಲ್ಲಿ ವಿಲೀನಗೊಳಿಸಲಾಯಿತು. ರೈತ ಸಂಘಟನೆಗಳು ಪಟ್ಟು ಬಿಡದೆ ಕೇಳಿದ್ದರಿಂದ ಮತ್ತೆ ಜಾರಿಗೆ ತಂದು, 2023ರ ಆರಂಭದಿಂದ ಹೊಸ ರೂಪದಲ್ಲಿ ನಡೆಸಲಾಗುತ್ತಿದೆ.

ಗಡಿಯ ಎರಡು ಬದಿಯ ಹಳ್ಳಿಗಳು

ಕರ್ನಾಟಕದ ಆರೋಗ್ಯ ನೀತಿಯ ಬಗ್ಗೆ ನಡೆದಿರುವ ಅಧ್ಯಯನಗಳಲ್ಲಿ ನಾನು ಮತ್ತೆ ಮತ್ತೆ ಮರಳಿ ಓದುವುದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ನೀರಜ್ ಸೂದ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧವನ್ನು. ಅದು ಪರೀಕ್ಷಿಸಿದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರ ಫೆಬ್ರುವರಿಯಲ್ಲಿ ಮೊದಲು ರಾಜ್ಯದ ಉತ್ತರ ಭಾಗದಲ್ಲಿ, ಕಲಬುರಗಿ ವಿಭಾಗದಿಂದ ಆರಂಭವಾಯಿತು. ಬಡತನ ರೇಖೆಗಿಂತ ಕೆಳಗಿನ ಕುಟುಂಬ ಏನೂ ಕಟ್ಟಬೇಕಿರಲಿಲ್ಲ, ನೋಂದಣಿಯನ್ನೂ ಮಾಡಿಸಬೇಕಿರಲಿಲ್ಲ, ಪಡಿತರ ಚೀಟಿ ಇದ್ದರೆ ಸಾಕಿತ್ತು. ಹೃದ್ರೋಗ, ಕ್ಯಾನ್ಸರ್, ನರರೋಗ, ಮೂತ್ರಪಿಂಡದ ಕಾಯಿಲೆ, ಸುಟ್ಟ ಗಾಯ, ಅಪಘಾತ, ನವಜಾತ ಶಿಶುಗಳ ತೊಂದರೆ ಇವುಗಳಿಗೆ ಕುಟುಂಬಕ್ಕೆ ಒಂದೂವರೆ ಲಕ್ಷದವರೆಗೆ, ಅಗತ್ಯ ಬಿದ್ದರೆ ಇನ್ನೂ 50 ಸಾವಿರದವರೆಗೆ ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಹಣ ಕೊಡುತ್ತಿತ್ತು. ಹಳ್ಳಿಗಳ ಹತ್ತಿರ ಆರೋಗ್ಯ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸುತ್ತಿದ್ದರು. ಆಸ್ಪತ್ರೆಯೊಳಗೆ ದಾರಿ ತೋರಿಸಲು ಆರೋಗ್ಯಮಿತ್ರರಿದ್ದರು.

ಯೋಜನೆ ಇನ್ನೂ ತಲುಪದಿದ್ದ ಜಿಲ್ಲೆಗಳ ಗಡಿಯನ್ನೇ ಸಂಶೋಧಕರು ತಕ್ಕಡಿಯಾಗಿ ಬಳಸಿದರು. ಯೋಜನೆಯಿದ್ದ ಬದಿಗೆ 300 ಹಳ್ಳಿ, ಯೋಜನೆಯಿಲ್ಲದ ಬದಿಗೆ ಅವಕ್ಕೆ ಸಾಮ್ಯವಿರುವ 272 ಹಳ್ಳಿ, ಒಟ್ಟು 60 ಸಾವಿರಕ್ಕೂ ಹೆಚ್ಚು ಮನೆಗಳು. ಮಣ್ಣು, ಮಳೆ, ಜೀವನ ಹೆಚ್ಚುಕಡಿಮೆ ಒಂದೇ. ಬೇರೆ ಇದ್ದದ್ದು ಯೋಜನೆ ಮಾತ್ರ. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಸಂಭವಿಸಿದ ಸಾವು, ಅರ್ಹ ಕುಟುಂಬಗಳಲ್ಲಿ ಶೇ. 0.32 ಇತ್ತು, ಯೋಜನೆಯಿಲ್ಲದ ಬದಿಯ ಬಡ ಕುಟುಂಬಗಳಲ್ಲಿ ಶೇ. 0.90 ಇತ್ತು. ಅಂದರೆ ಶೇ. 64ರಷ್ಟು ಇಳಿಕೆ. ಈ ಕಾಯಿಲೆಗಳಿಗೆ ಆಸ್ಪತ್ರೆ ಸೇರಿದವರು ಕೈಯಿಂದ ಹಾಕಿದ ಹಣದಲ್ಲೂ ದೊಡ್ಡ ಇಳಿಕೆ. ಬಡತನ ರೇಖೆಯ ಮೇಲಿನ ಕುಟುಂಬಗಳಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಯೋಜನೆ ಅವರಿಗೆ ಇರಲಿಲ್ಲವಾದ್ದರಿಂದ ಇದು ನಿರೀಕ್ಷಿತವೇ, ಮತ್ತು ಉಳಿದ ಅಂಕಿಗಳ ಮೇಲಿನ ನಂಬಿಕೆಯನ್ನು ಹೆಚ್ಚಿಸುವಂಥದ್ದು.

ಸರ್ಕಾರಿ ಯೋಜನೆಗಳೆಂದರೆ ಮೂಗು ಮುರಿಯುವವರು ಈ ಅಂಕಿಗಳ ಮುಂದೆ ಒಂದು ನಿಮಿಷ ನಿಲ್ಲಬೇಕು. ಯಾದಗಿರಿಯ ಒಂದು ಹಳ್ಳಿಯಲ್ಲಿ ಒಬ್ಬ ತಾಯಿ ಬದುಕಿ ಉಳಿದದ್ದಕ್ಕೆ ಒಂದು ಕಡತ ಕಾರಣವಾಗಿರಬಹುದು ಎಂಬುದು ಸಣ್ಣ ಮಾತಲ್ಲ. ಆದರೆ ಅಷ್ಟು ಇಳಿದ ಮೇಲೂ ಕೈಯಿಂದ ಹಾಕುವ ಖರ್ಚಿನಲ್ಲಿ ಒಂದು ಪಾಲು ಉಳಿಯಿತಲ್ಲ, ಅದು ಎಲ್ಲಿಂದ ಬಂತು? ಆಸ್ಪತ್ರೆಯ ಬಿಲ್ಲನ್ನು ಟ್ರಸ್ಟ್ ಕೊಟ್ಟ ಮೇಲೂ ಉಳಿಯುವ ಈ ಖರ್ಚಿನ ಸ್ವಭಾವವೇನು?

ಈ ಪ್ರಶ್ನೆಗೆ ಹೋಗುವ ಮುನ್ನ ಇಂದಿನ ಯೋಜನೆಯನ್ನು ನೋಡೋಣ. 2018ರ ಮಾರ್ಚ್ 2ರಂದು ಆರೋಗ್ಯ ಕರ್ನಾಟಕ ಬಂತು. ಅದೇ ವರ್ಷದ ಅಕ್ಟೋಬರ್ ಕೊನೆಗೆ ಕೇಂದ್ರದ ಯೋಜನೆಯೊಡನೆ ಸೇರಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕವಾಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಉಚಿತ. ಉಳಿದವರಿಗೆ ಚಿಕಿತ್ಸೆಗೆ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30ರಷ್ಟು ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಒಟ್ಟು 1,650 ಚಿಕಿತ್ಸೆಗಳ ಪಟ್ಟಿ. ತುರ್ತು ಚಿಕಿತ್ಸೆಯನ್ನು ಬಿಟ್ಟು ಉಳಿದದ್ದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಪತ್ರದೊಂದಿಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಯಾದಗಿರಿಯ ಕಾರ್ಡು ಬೆಂಗಳೂರಿನಲ್ಲೂ ನಡೆಯುತ್ತದೆ. ಆಂಧ್ರದ ಅನಂತಪುರದ ಕಾರ್ಡಿನ ಕತೆ ಬೇರೆ.

ಒಂದು ಮನೆಯ ಲೆಕ್ಕ

ಪ್ಯಾಕೇಜ್ ಎಂಬ ಪದವನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ ಎಂದರೆ ಅದರೊಳಗೆ ಏನಿದೆ, ಏನಿಲ್ಲ ಎಂದು ಕೇಳುವುದನ್ನೇ ಮರೆತಿದ್ದೇವೆ. ರಾಷ್ಟ್ರೀಯ ಯೋಜನೆಯ ನಿಯಮದಂತೆ ಆಸ್ಪತ್ರೆ ಸೇರುವುದಕ್ಕೆ ಮುಂಚಿನ ಮೂರು ದಿನ ಮತ್ತು ಮನೆಗೆ ಕಳಿಸಿದ ಮೇಲಿನ ಹದಿನೈದು ದಿನಗಳ ಪರೀಕ್ಷೆ, ಔಷಧ ಪ್ಯಾಕೇಜಿನಲ್ಲಿ ಸೇರಿವೆ. ಕಾಯಿಲೆ ಮಾತ್ರ ಈ ಹದಿನೆಂಟು ದಿನಗಳ ಚೌಕಟ್ಟಿನೊಳಗೆ ನಿಲ್ಲುವುದಿಲ್ಲ.

ಲೆಕ್ಕ ಸ್ಪಷ್ಟವಾಗಲೆಂದು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ತಿಂಡ್ಲು ಅಥವಾ ಅಮೃತಹಳ್ಳಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಗಂಡ ಪೇಂಟಿಂಗ್ ಕೆಲಸದವನು, ದಿನಕ್ಕೆ 800 ರೂಪಾಯಿ. ಹೆಂಡತಿ ಅಪಾರ್ಟ್‌ಮೆಂಟಿನ ಮೂರು ಮನೆಗಳಲ್ಲಿ ಕೆಲಸ ಮಾಡುತ್ತಾಳೆ, ತಿಂಗಳಿಗೆ 9,000. ಅವಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಕವಾಟದ ಕಾಯಿಲೆ ಎಂದು ಕಡೆಗೆ ತಿಳಿಯುತ್ತದೆ, ಕವಾಟ ಬದಲಿಸಬೇಕು. ರುಮ್ಯಾಟಿಕ್ ಹೃದ್ರೋಗ ಬಡವರ ಕಾಯಿಲೆ. ಇಕ್ಕಟ್ಟಾದ ಮನೆಗಳಲ್ಲಿ ಮಕ್ಕಳಿಂದ ಮಕ್ಕಳಿಗೆ ಹರಡುವ ಗಂಟಲು ಸೋಂಕಿನಿಂದ ಶುರುವಾಗಿ, ಕವಾಟಗಳನ್ನು ಗಟ್ಟಿ ಮಾಡಿ, ದುಡಿಯುವ ಪ್ರಾಯದಲ್ಲಿ ಕೆಡವುತ್ತದೆ. ಮೊದಲೇ ಗುರುತಿಸಿದರೆ ಮೂರು ನಾಲ್ಕು ವಾರಕ್ಕೊಮ್ಮೆ ಕೊಡುವ ಅಗ್ಗದ ಪೆನಿಸಿಲಿನ್ ಚುಚ್ಚುಮದ್ದು ಅದನ್ನು ತಡೆಯಬಲ್ಲದು. ಆ ಚುಚ್ಚುಮದ್ದು ಯಾವ ಪ್ಯಾಕೇಜಿನೊಳಗೂ ಕೂರುವಂಥದ್ದಲ್ಲ.

ಈ ಮನೆಯವರು ಮೊದಲು ಹೋಗುವುದು ಬೀದಿ ಕೊನೆಯ ಕ್ಲಿನಿಕ್ಕಿಗೆ. ಆಮೇಲೆ ನರ್ಸಿಂಗ್ ಹೋಮ್, ಇಸಿಜಿ, ಎಕೋ, ರಕ್ತ ಪರೀಕ್ಷೆ, ಎಲ್ಲವೂ ಕೈಯಿಂದ. ‘ಕಾರ್ಡು ನಡೆಯಬೇಕಾದರೆ ರೆಫರ್ ಲೆಟರ್ ತನ್ನಿ’ ಎಂದ ಮೇಲೆ ಯಲಹಂಕದ ಸರ್ಕಾರಿ ಆಸ್ಪತ್ರೆ, ಅಲ್ಲಿಂದ ಮುಂದಿನದು. ಪ್ರತಿ ಸಲವೂ ಅವಳೊಬ್ಬಳೇ ಹೋಗುವಂತಿಲ್ಲ. ‘ಪೇಶೆಂಟ್ ಕಡೆಯವರು ಯಾರು?’ ಎಂಬ ಕರೆಗೆ ಓಗೊಡಲು, ರಕ್ತ ತರಲು, ಸಹಿ ಹಾಕಲು ಗಂಡ ಇರಲೇಬೇಕು. ದಾಖಲಾಗುವ ಮುಂಚಿನ ಓಡಾಟಕ್ಕೆ ಅವನ ಹತ್ತು ದಿನ, ಆಸ್ಪತ್ರೆಯಲ್ಲಿ ಹನ್ನೆರಡು ದಿನ, ಆಮೇಲಿನ ಆರೈಕೆಗೂ ಮರುಭೇಟಿಗೂ ಎಂಟು ದಿನ ಎಂದರೆ ಮೂವತ್ತು ದಿನದ ಕೂಲಿ 24,000 ರೂಪಾಯಿ. ಅವಳ ಎದೆಯ ಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಬಕೆಟ್ ಎತ್ತುವಂತಿಲ್ಲ. ಮೂರು ತಿಂಗಳ ಸಂಬಳ 27,000. ಒಟ್ಟು 51,000. ಅಷ್ಟರಲ್ಲಿ ಆ ಮೂರು ಮನೆಯವರು ಬೇರೆಯವರನ್ನು ಇಟ್ಟುಕೊಂಡಿರುತ್ತಾರೆ. ಈ ನಡುವೆ ಬಾಡಿಗೆ ನಿಲ್ಲುವುದಿಲ್ಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ 50 ಸಾವಿರ ಕೈಸಾಲ ಮಾಡಿದರೆ ಬಡ್ಡಿಯೇ ತಿಂಗಳಿಗೆ 1,500. ಲೋಹದ ಕವಾಟ ಹಾಕಿದ್ದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ ನುಂಗಬೇಕು, ಆ ಮಾತ್ರೆಯ ಪ್ರಮಾಣ ಸರಿಯಾಗಿದೆಯೇ ಎಂದು ಆಗಾಗ ಐಎನ್‌ಆರ್ ಪರೀಕ್ಷೆ ಮಾಡಿಸುತ್ತಿರಬೇಕು. ಮಾತ್ರೆ ಬಿಟ್ಟರೆ ಕವಾಟದ ಮೇಲೆ ಹೆಪ್ಪುಗಟ್ಟುತ್ತದೆ. ಹದಿನಾರನೆಯ ದಿನದಿಂದ ಇವೆಲ್ಲ ಅವಳ ಪಾಲಿನದು.

ಇಷ್ಟಾದರೂ ಸರ್ಕಾರದ ಕಡತದಲ್ಲಿ ಈ ಚಿಕಿತ್ಸೆ ಪೂರ್ತಿ ಉಚಿತ. ಆಪರೇಷನ್‌ಗೆ ಆ ಮನೆಯವರು ಒಂದು ಪೈಸೆಯನ್ನೂ ಕಟ್ಟಿಲ್ಲ ಎಂಬುದು ನಿಜವೇ.

ಇದು ಕಲ್ಪಿತ ಲೆಕ್ಕ. ಆದರೆ ಇದರ ಹಿಂದಿನ ಸತ್ಯಕ್ಕೆ ಉತ್ತರ ಬೆಂಗಳೂರಿನಲ್ಲೇ, ಬ್ಯಾಟರಾಯನಪುರದಿಂದ ಹೆಚ್ಚು ದೂರವಿಲ್ಲದ ಕಾಡುಗೊಂಡನಹಳ್ಳಿಯಲ್ಲಿ ಪುರಾವೆಯಿದೆ. ಸಾರ್ವಜನಿಕ ಆರೋಗ್ಯ ಸಂಸ್ಥೆಯ ಉಪೇಂದ್ರ ಭೋಜಾನಿ ಮತ್ತು ಸಂಗಡಿಗರು ಅಲ್ಲಿನ 9,299 ಮನೆಗಳನ್ನು ಸಮೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ದೀರ್ಘಕಾಲದ ಕಾಯಿಲೆಗಳ ಹೊರರೋಗಿ ಖರ್ಚನ್ನಷ್ಟೇ ನೋಡಿತು. ಇಂಥ ಕಾಯಿಲೆಯಿದ್ದ ಮನೆಗಳಲ್ಲಿ ಸುಮಾರು ಶೇ. 70 ಕೈಯಿಂದ ಹಣ ಹಾಕಿದ್ದವು. ಶೇ. 16 ಮನೆಗಳು ತಮ್ಮ ಆದಾಯದ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಇದಕ್ಕೇ ಸುರಿದಿದ್ದವು. ಒಂದೇ ತಿಂಗಳಲ್ಲಿ ಈ ಖರ್ಚು ಬಡತನ ರೇಖೆಗಿಂತ ಕೆಳಗಿನವರ ಸಂಖ್ಯೆಯನ್ನು ಇಮ್ಮಡಿಗೊಳಿಸಿತ್ತು. ಇಲ್ಲಿ ಆಪರೇಷನ್ ಇಲ್ಲ, ಐಸಿಯು ಇಲ್ಲ. ಮಾತ್ರೆ, ಪರೀಕ್ಷೆ, ಡಾಕ್ಟರ ಫೀಸು ಅಷ್ಟೇ. ಅದೇ ಅಧ್ಯಯನದ ಇನ್ನೊಂದು ಮಾತು ನಮಗೆ ಮುಖ್ಯ. ಸಾಮಾನ್ಯ ಸಲಹೆಗೂ ದೊಡ್ಡ ಆಸ್ಪತ್ರೆಗೇ ಹೋಗುತ್ತಿದ್ದ ಮನೆಗಳು ಇಂಥ ಹೊಡೆತಕ್ಕೆ ಸಿಕ್ಕುವ ಸಂಭವ ಹೆಚ್ಚಿತ್ತು. ಮನೆ ಪಕ್ಕದಲ್ಲೇ ತಜ್ಞ ಆಸ್ಪತ್ರೆಯಿರುವುದು ಯಾವಾಗಲೂ ಅನುಕೂಲವೇ ಎಂದು ಭಾವಿಸುವ ನಮ್ಮ ಬಳ್ಳಾರಿ ರಸ್ತೆಯ ನಿವಾಸಿಗಳು ಇದನ್ನು ಗಮನಿಸಬೇಕು.

ಕೂಲಿಯನ್ನು ಎಣಿಸಿದವರು

ಕಾಯಿಲೆ ಬಿದ್ದವನ ಕೂಲಿ ನಿಂತುಹೋಗುತ್ತದೆ ಎಂಬುದು ಹೊಸ ಶೋಧನೆಯೇನಲ್ಲ. 1948ರ ನೌಕರರ ರಾಜ್ಯ ವಿಮಾ ಕಾಯ್ದೆಗೆ ಇದು ಚೆನ್ನಾಗಿ ಗೊತ್ತಿತ್ತು. ಅದರಿಂದ ಬಂದ ಇಎಸ್‌ಐ ಕಾರ್ಡಿರುವ ಕಾರ್ಮಿಕನಿಗೆ ರಾಜಾಜಿನಗರದ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ. ಅದರ ಜೊತೆಗೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70ರಷ್ಟು ನಗದು ಸಿಗುತ್ತದೆ, ದೀರ್ಘ ಕಾಯಿಲೆಗಳಿಗೆ ಇನ್ನೂ ಹೆಚ್ಚು ಕಾಲ ಸಿಗುತ್ತದೆ. ಪೀಣ್ಯದ ಕಾರ್ಖಾನೆಯವನಿಗೆ ಇರುವ ಈ ರಕ್ಷಣೆ ಸಹಕಾರನಗರದ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವಳಿಗೆ ಇಲ್ಲ. ಅವಳ ಕೆಲಸಕ್ಕೆ ಹಾಜರಿ ಪುಸ್ತಕವಿಲ್ಲ, ಅವಳ ಮಾಲೀಕರು ಯಾವ ವಂತಿಗೆಯನ್ನೂ ಕಟ್ಟುವುದಿಲ್ಲ. ಕಟ್ಟಡ ಕಾರ್ಮಿಕರಿಗೆ 1996ರ ಕಾಯ್ದೆಯಡಿ ರಚನೆಯಾದ ಕಲ್ಯಾಣ ಮಂಡಳಿಯಿದೆ, ಅದರಲ್ಲಿ ವೈದ್ಯಕೀಯ ಸಹಾಯವೂ ಇದೆ. ಆದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು. ಮೇಸ್ತ್ರಿಯಿಂದ ಮೇಸ್ತ್ರಿಗೆ ಬದಲಾಗುವ ಪೇಂಟರ್ ಆ ಪುರಾವೆಯನ್ನು ಯಾರಿಂದ ಬರೆಸಿಕೊಳ್ಳಬೇಕು?

ಅಸಂಘಟಿತರ ಕೂಲಿ ನಷ್ಟವನ್ನು ವಿಮೆಯೊಳಗೆ ತರುವ ಪ್ರಯತ್ನ ಕರ್ನಾಟಕದಲ್ಲೇ ನಡೆದಿತ್ತು. ಯಶಸ್ವಿನಿಯ ಕಾಲದಲ್ಲೇ, 2002ರ ಹೊತ್ತಿಗೆ, ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ ಒಂದು ಸಮುದಾಯ ಆರೋಗ್ಯ ವಿಮೆಯನ್ನು ಆರಂಭಿಸಿತು. ಅಲ್ಲಿನ ಜನ ಸರ್ಕಾರಿ ಆಸ್ಪತ್ರೆಯನ್ನೇ ಬಳಸುತ್ತಿದ್ದರು, ಚಿಕಿತ್ಸೆಗೆ ಬಿಲ್ಲು ಬರುತ್ತಿರಲಿಲ್ಲ. ಹಾಗಾದರೆ ವಿಮೆ ಯಾತಕ್ಕೆ? ಆಸ್ಪತ್ರೆಯಲ್ಲಿರುವ ಪ್ರತಿ ದಿನಕ್ಕೆ ಕೂಲಿ ನಷ್ಟದ ಪರಿಹಾರವಾಗಿ 50 ರೂಪಾಯಿ, ಹೊರಗಿನಿಂದ ತರಿಸುವ ಔಷಧಕ್ಕೆ ಮತ್ತೊಂದಿಷ್ಟು ಕೊಡಲು. ಮೊತ್ತ ಸಣ್ಣದು. ಆದರೆ ಅದರ ಹಿಂದಿನ ಆಲೋಚನೆ ಇಂದಿನ ಐದು ಲಕ್ಷದ ಯೋಜನೆಯಲ್ಲೂ ಇಲ್ಲ. ಬಡವ ಆಸ್ಪತ್ರೆಗೆ ಬಾರದಿರುವುದು ಅಜ್ಞಾನದಿಂದ ಎಂದು ಪಾಠ ಹೇಳುತ್ತಿದ್ದ ಕಾಲದಲ್ಲಿ, ಬಾರದಿರುವುದಕ್ಕೆ ನಾಳೆಯ ಕೂಲಿಯೂ ಕಾರಣವಾಗಿರಬಹುದು ಎಂದು ಈ ಯೋಜನೆ ಅರ್ಥ ಮಾಡಿಕೊಂಡಿತ್ತು.

ಆ ಆಲೋಚನೆ ನಮ್ಮಲ್ಲಿ ಬೆಳೆಯಲಿಲ್ಲ, ನೆರೆಯಲ್ಲಿ ಬೆಳೆಯಿತು. ಅವಿಭಜಿತ ಆಂಧ್ರದ ಆರೋಗ್ಯಶ್ರೀ 2007ರಲ್ಲಿ ಆರಂಭವಾದದ್ದು. ನಮ್ಮ ಆರೋಗ್ಯಶ್ರೀಗೆ ಮಾದರಿಯೂ ಅದೇ. ಅದು 125 ಚಿಕಿತ್ಸೆಗಳಿಗೆ ಮನೆಗೆ ಹೋದ ನಂತರದ ಒಂದು ವರ್ಷದ ಔಷಧ, ತಪಾಸಣೆಗಳ ಪ್ರತ್ಯೇಕ ಪ್ಯಾಕೇಜನ್ನು ಇಟ್ಟಿತ್ತು. 2019ರ ಡಿಸೆಂಬರ್‌ನಲ್ಲಿ ಆಂಧ್ರಪ್ರದೇಶ ಇನ್ನೊಂದು ಹೆಜ್ಜೆ ಮುಂದಿಟ್ಟು ‘ಆರೋಗ್ಯ ಆಸರಾ’ ಎಂಬ ಹೆಸರಿನಲ್ಲಿ ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಹೇಳಿದ ವಿಶ್ರಾಂತಿಯ ಅವಧಿಗೆ ದಿನಕ್ಕೆ 225 ರೂಪಾಯಿ, ತಿಂಗಳಿಗೆ ಗರಿಷ್ಠ 5,000 ರೂಪಾಯಿ ಕೊಡಲು ಆರಂಭಿಸಿತು. ನಮ್ಮ ಕಲ್ಪಿತ ಕುಟುಂಬಕ್ಕೆ ಇದನ್ನು ಅನ್ವಯಿಸಿದರೆ ಮೂರು ತಿಂಗಳಿಗೆ 15,000. ನಷ್ಟದ ಮೂರನೆಯ ಒಂದು ಭಾಗವೂ ಅಲ್ಲ. ಆದರೂ ಬಾಡಿಗೆ ಕಟ್ಟಲಾಗುತ್ತದೆ, ಅಕ್ಕಿ ಬರುತ್ತದೆ, ಅವಳು ಎರಡನೆಯ ತಿಂಗಳಲ್ಲೇ ಬಕೆಟ್ ಎತ್ತಲು ಹೋಗುವುದಿಲ್ಲ. ಹೊಲಿಗೆ ಬಿಚ್ಚಿಕೊಂಡು ಮತ್ತೆ ದಾಖಲಾಗುವ ರೋಗಿಗೆ ಸರ್ಕಾರ ಕೊಡಬೇಕಾದ ಹಣದೊಡನೆ ಈ 15,000ವನ್ನು ಹೋಲಿಸಿ ನೋಡುವ ಕೆಲಸವನ್ನು ನಮ್ಮ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ತನ್ನಲ್ಲಿರುವ ದಾಖಲೆಗಳಿಂದಲೇ ಮಾಡಬಹುದು.

ಬೆಲೆ ಯಾರ ಕೈಯಲ್ಲಿ

ರೋಗಿಯ ಪರವಾಗಿ ಹಣ ಕೊಡುವುದು ಒಂದು ದಾರಿ, ಬೆಲೆಯನ್ನೇ ಇಳಿಸುವುದು ಇನ್ನೊಂದು. ಎರಡನೆಯ ದಾರಿಯಲ್ಲಿ ದೇಶ ಕೆಲವು ಗಟ್ಟಿ ಹೆಜ್ಜೆಗಳನ್ನಿಟ್ಟಿದೆ. 2017ರ ಫೆಬ್ರುವರಿಯಲ್ಲಿ ಔಷಧ ಲೇಪಿತ ಹೃದಯದ ಸ್ಟೆಂಟಿನ ಬೆಲೆಗೆ 29,600 ರೂಪಾಯಿ ಮಿತಿ ಬಂತು; ಅದಕ್ಕೆ ಮುಂಚೆ ಲಕ್ಷ ದಾಟುತ್ತಿದ್ದ ಸರಕು ಅದು. ಅದೇ ವರ್ಷ ಮೊಣಕಾಲಿನ ಕೃತಕ ಕೀಲುಗಳಿಗೂ ಮಿತಿ ಬಂತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ರಕ್ತದ ಕ್ಯಾನ್ಸರಿನ ಇಮಾಟಿನಿಬ್ ಔಷಧದ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿತು. ತಿಂಗಳಿಗೆ ಲಕ್ಷ ರೂಪಾಯಿ ದಾಟುವ ಮಾತ್ರೆ ಕೆಲವೇ ಸಾವಿರಕ್ಕೆ ಸಿಗುವ ಸ್ಥಿತಿ ಇದರಿಂದ ಉಳಿಯಿತು. ಕಿದ್ವಾಯಿಯ ಹೊರರೋಗಿ ವಿಭಾಗದಲ್ಲಿ ಕೂತಿರುವವರಿಗೆ ಆ ತೀರ್ಪು ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ.

ಆಸ್ಪತ್ರೆಗಳ ದರಕ್ಕೆ ಮಿತಿ ಹಾಕುವ ಪ್ರಯತ್ನವನ್ನು ಕರ್ನಾಟಕ 2017ರಲ್ಲಿ ಮಾಡಿತು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿಯನ್ನು ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಮಂಡಿಸಿದಾಗ ನವೆಂಬರ್‌ನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಬೆಳಗಾವಿ ಅಧಿವೇಶನದಲ್ಲಿ ಮೆದುಗೊಳಿಸಿದ ರೂಪ ಅಂಗೀಕಾರವಾಯಿತು. ರೋಗಿಗಳ ಹಕ್ಕುಪಟ್ಟಿ ಉಳಿಯಿತು. ದರದ ನಿಯಂತ್ರಣ ಸರ್ಕಾರಿ ಯೋಜನೆಗಳಡಿ ಬರುವ ರೋಗಿಗಳಿಗೆ ಸೀಮಿತವಾಯಿತು. ವೈದ್ಯರ ಆತಂಕಗಳೆಲ್ಲ ಸುಳ್ಳೆಂದು ನಾನು ಹೇಳುವುದಿಲ್ಲ. ಪ್ಯಾಕೇಜ್ ದರ ಸಾಲದು, ಬಾಕಿ ಹಣ ತಿಂಗಳುಗಟ್ಟಲೆ ಬಾರದು ಎಂಬ ಸಣ್ಣ ಆಸ್ಪತ್ರೆಗಳ ದೂರಿನಲ್ಲಿ ಹುರುಳಿದೆ. ಬಾಕಿ ತಡವಾದಷ್ಟೂ ಕಾರ್ಡಿನ ರೋಗಿಗೆ ‘ಬೆಡ್ ಇಲ್ಲ’ ಎಂಬ ಉತ್ತರ ಸಿಗುವ ಸಾಧ್ಯತೆ ಹೆಚ್ಚುತ್ತದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತು (2017–18) ದೇಶಮಟ್ಟದಲ್ಲಿ ಕೊಡುವ ಚಿತ್ರ ಇದು: ಒಮ್ಮೆ ಆಸ್ಪತ್ರೆ ಸೇರಿದರೆ ಆಗುವ ಸರಾಸರಿ ವೈದ್ಯಕೀಯ ಖರ್ಚು ಸರ್ಕಾರಿ ಆಸ್ಪತ್ರೆಯಲ್ಲಿ 4,452 ರೂಪಾಯಿ, ಖಾಸಗಿಯಲ್ಲಿ 31,845. ಹೆಚ್ಚುಕಡಿಮೆ ಏಳು ಪಟ್ಟು. ದಿನಗೂಲಿಯ ಲೆಕ್ಕದಲ್ಲಿ ಈ ಅಂತರ ಒಂದು ತಿಂಗಳ ದುಡಿಮೆಗಿಂತ ದೊಡ್ಡದು.

ದೂರವನ್ನು ಕಡಿಮೆ ಮಾಡುವ ಬಗೆ

ಹಾಗಾಗಿ ಉತ್ತರ ಬೆಂಗಳೂರಿನ ಬಡವರಿಗೆ ಬೇಕಾದದ್ದು ಕಾರ್ಡಿನ ಮಿತಿಯನ್ನು ಐದು ಲಕ್ಷದಿಂದ ಹತ್ತಕ್ಕೆ ಏರಿಸುವುದಲ್ಲ ಎಂದು ನಾನು ನಂಬುತ್ತೇನೆ. ಸರ್ಕಾರಿ ತಜ್ಞ ಸೇವೆ ಈ ಕಡೆಗೆ ಬರಬೇಕು. ಇದರ ಸುಳಿವುಗಳು ಈಗಾಗಲೇ ಇವೆ. ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಯ ಆವರಣದಲ್ಲಿ ಜಯದೇವದ ಘಟಕವಿದೆ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲೂ ಇದೆ. ಡಾ. ಸಿ.ಎನ್. ಮಂಜುನಾಥ್ ಅವರ ಅವಧಿಯಲ್ಲಿ ಜಯದೇವ ಪಾಲಿಸಿದ, ಚಿಕಿತ್ಸೆ ಮೊದಲು ಹಣ ಆಮೇಲೆ ಎಂಬ ನಡೆ ಅಲ್ಲಿಗೂ ಬಂದರೆ ಬ್ಯಾಟರಾಯನಪುರದವರಿಗೆ ನಗರ ದಾಟುವ ಅಗತ್ಯ ತಗ್ಗುತ್ತದೆ. 2023ರ ಕೊನೆಗೆ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯದೂ ಇದೇ ದಿಕ್ಕು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದಲ್ಲಿರುವ ತಜ್ಞರು ನಿಮಿಷಗಳಲ್ಲಿ ನೋಡುತ್ತಾರೆ, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ತಜ್ಞರ ಬಳಿಗೆ ರೋಗಿಯನ್ನು ಸಾಗಿಸುವುದಕ್ಕೆ ಬದಲು ತಜ್ಞರ ಕಣ್ಣನ್ನು ರೋಗಿಯ ಬಳಿಗೆ ತರುವ ಕ್ರಮ ಇದು. 2025ರಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಶುರುವಾದ ಕೀಮೋಥೆರಪಿ ಹಗಲು ಕೇಂದ್ರಗಳೂ ಹಾಗೆಯೇ. ಬೆಂಗಳೂರಿನ ಹೊರವಲಯದ ಬಡಾವಣೆಗಳನ್ನೂ ನಾವು ಒಂದು ತಾಲ್ಲೂಕಿನಂತೆಯೇ ಕಾಣಬೇಕಾಗಿದೆ. ರಾಜಧಾನಿಯೊಳಗೇ ಇದ್ದಾರೆ ಎಂಬ ಕಾರಣಕ್ಕೆ ಇಲ್ಲಿನವರಿಗೆ ಎಲ್ಲವೂ ಹತ್ತಿರ ಎಂದುಕೊಳ್ಳುವಂತಿಲ್ಲ.

ದಾರಿ ಖರ್ಚಿನ ಬಗ್ಗೆ ಒಂದು ಮಾತು. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದಾಗ ಅದನ್ನು ಯಾರೂ ಆರೋಗ್ಯ ಯೋಜನೆ ಎಂದು ಕರೆಯಲಿಲ್ಲ. ಆದರೆ ಹೆಬ್ಬಾಳದಿಂದ ಡೇರಿ ಸರ್ಕಲ್‌ಗೆ ಕೀಮೋಗೆ ಹೋಗುವ ಹೆಂಗಸಿಗೆ, ಮಗುವನ್ನೆತ್ತಿಕೊಂಡು ಇಂದಿರಾ ಗಾಂಧಿ ಆಸ್ಪತ್ರೆಗೆ ಹೋಗುವ ತಾಯಿಗೆ ಅದು ಪ್ಯಾಕೇಜಿನಲ್ಲಿಲ್ಲದ ಒಂದು ಖರ್ಚನ್ನು ಭರಿಸಿತು. ಶಕ್ತಿಯ ಟಿಕೆಟ್ಟುಗಳಲ್ಲಿ ಎಷ್ಟು ಆಸ್ಪತ್ರೆಯ ದಾರಿಯವು ಎಂದು ಯಾರಾದರೂ ಅಧ್ಯಯನ ಮಾಡಿದರೆ ಅದು ಒಳ್ಳೆಯ ಪಿಎಚ್‌ಡಿ ವಿಷಯವಾಗುತ್ತದೆ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗುವ ಗಂಡಸಿಗೆ ಮಾತ್ರ ಈ ಅನುಕೂಲವಿಲ್ಲ. ವೈದ್ಯರ ಚೀಟಿಯ ಮೇಲೆ ಅವನಿಗೂ ಪಾಸ್ ಕೊಡುವುದು ಸಾರಿಗೆ ಸಂಸ್ಥೆಗೆ ದೊಡ್ಡ ಹೊರೆಯಾಗದು. 2025ರ ಆಗಸ್ಟ್‌ನಲ್ಲಿ ತೆರೆದ ಮೆಟ್ರೋದ ಹಳದಿ ಮಾರ್ಗ ಜಯದೇವದ ಬಾಗಿಲಿಗೇ ಹೋಗುತ್ತದೆ, ಬೊಮ್ಮಸಂದ್ರದವರೆಗೂ ಹೋಗುತ್ತದೆ. ಅದು ದಕ್ಷಿಣದವರಿಗೆ ಅನುಕೂಲ. ಬಳ್ಳಾರಿ ರಸ್ತೆಯ ಮೆಟ್ರೋ ಕಂಬಗಳು ಇನ್ನೂ ಮೇಲೇಳುತ್ತಿದ್ದ ಕಾಲದಲ್ಲೇ ಅದು ಶುರುವಾಯಿತು.

ದಾನದ ದಾರಿಯೂ ಇಲ್ಲಿದೆ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ 2001ರ ಜನವರಿಯಿಂದ ಹೃದಯ ಮತ್ತು ನರರೋಗಗಳಿಗೆ ಬಿಲ್ ಕೌಂಟರೇ ಇಲ್ಲದೆ ಚಿಕಿತ್ಸೆ ಕೊಡುತ್ತಿದೆ. ಬಳ್ಳಾರಿ ರಸ್ತೆಯಲ್ಲೇ ಉತ್ತರಕ್ಕೆ ಹೋದರೆ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲೂ ಉಚಿತ ಆಸ್ಪತ್ರೆಯಿದೆ. ಇವು ಮಾಡುತ್ತಿರುವ ಕೆಲಸಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ದಾನದ ಆಸ್ಪತ್ರೆ ತನ್ನ ಹಾಸಿಗೆಗಳಷ್ಟೇ ಜನಕ್ಕೆ ದಾನ ಮಾಡಬಲ್ಲದು. ಹಕ್ಕಿಗೆ ಅಂಥ ಮಿತಿಯಿಲ್ಲ. ತುರ್ತು ಚಿಕಿತ್ಸೆ ನಿರಾಕರಿಸುವುದು ಬದುಕುವ ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ ಪಶ್ಚಿಮ ಬಂಗಾಳದ ಕೃಷಿ ಕಾರ್ಮಿಕರ ಸಂಘದ ಪ್ರಕರಣದಲ್ಲಿ 1996ರಲ್ಲಿಯೇ ಹೇಳಿದೆ.

ಥಾಯ್ಲೆಂಡ್ 2002ರಲ್ಲಿ ತನ್ನ ಎಲ್ಲ ಪ್ರಜೆಗಳನ್ನು ಒಳಗೊಳ್ಳುವ ಯೋಜನೆಯನ್ನು ರೂಪಿಸಿದಾಗ 30 ಬಾತ್‌ನ ಅಲ್ಪ ಶುಲ್ಕದಲ್ಲಿ ಹೊರರೋಗಿ ಚಿಕಿತ್ಸೆಯನ್ನೂ ಮಾತ್ರೆಯನ್ನೂ ಮೊದಲ ದಿನದಿಂದಲೇ ಒಳಗಿಟ್ಟಿತು. ಡಯಾಲಿಸಿಸ್‌ನಂಥ ದುಬಾರಿ ಚಿಕಿತ್ಸೆಯನ್ನು ಸೇರಿಸಿದ್ದು 2008ರಲ್ಲಿ. ನಾವು ಹಿಡಿದದ್ದು ಇದಕ್ಕೆ ವಿರುದ್ಧವಾದ ಹಾದಿ. ಮೇಲಿನ ಮಹಡಿಯನ್ನು ಮೊದಲು ಕಟ್ಟಿ ಈಗ ಕೆಳಗಿನದಕ್ಕೆ ಬಂದಿದ್ದೇವೆ. ಸರ್ಕಾರ 2022ರ ಕೊನೆಯಿಂದ ವಾರ್ಡುಗಳಲ್ಲಿ ತೆರೆದ ‘ನಮ್ಮ ಕ್ಲಿನಿಕ್’ಗಳು ಆ ಕೆಳಗಿನ ಮಹಡಿಯೇ. ಕವಾಟದ ರೋಗಿಯ ಐಎನ್‌ಆರ್ ಪರೀಕ್ಷೆ, ರಕ್ತ ತೆಳುವಾಗಿಸುವ ಮಾತ್ರೆ, ಪೆನಿಸಿಲಿನ್ ಚುಚ್ಚುಮದ್ದು ಈ ಮೂರು ಅಲ್ಲಿ ತಪ್ಪದೆ ಸಿಕ್ಕರೆ, ಮತ್ತು ಜಯದೇವದಿಂದ ಬಂದ ರೋಗಿಯ ಡಿಸ್ಚಾರ್ಜ್ ಚೀಟಿ ನೇರವಾಗಿ ಆ ವಾರ್ಡಿನ ಕ್ಲಿನಿಕ್ಕಿನ ವೈದ್ಯರಿಗೆ ತಲುಪಿದರೆ, ಹದಿನಾರನೆಯ ದಿನದ ಸಮಸ್ಯೆಯಲ್ಲಿ ಅರ್ಧ ಅಲ್ಲಿಯೇ ಇತ್ಯರ್ಥವಾಗುತ್ತದೆ. ಇನ್ನರ್ಧ ಕೂಲಿಯದು. ಅದಕ್ಕೆ ತಿ. ನರಸೀಪುರದ 50 ರೂಪಾಯಿಯನ್ನು ಇಂದಿನ ಬೆಲೆಯಲ್ಲಿ ಮತ್ತೆ ಎಣಿಸಬೇಕು. ಆ ಲೆಕ್ಕವನ್ನು ಬ್ಯಾಟರಾಯನಪುರದಿಂದಲೇ ಶುರುಮಾಡಬಹುದು. ಯಲಹಂಕದ ಸರ್ಕಾರಿ ಆಸ್ಪತ್ರೆಯಲ್ಲಿ ರೆಫರಲ್ ಪತ್ರ ಬರೆಯುವಾಗ ಕಾಯಿಲೆಯ ಹೆಸರಿನ ಕೆಳಗೆ ಇನ್ನೆರಡು ಸಾಲು ಸೇರಿಸಿದರೆ ಸಾಕು: ರೋಗಿಯ ದಿನಗೂಲಿ ಎಷ್ಟು, ಜೊತೆಗೆ ಬಂದವರ ದಿನಗೂಲಿ ಎಷ್ಟು.